ಹಬ್ಬ ಕಳೆದ ಮೇಲೆ ಊರಿಗೆ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ದುಬೈಯ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ದಾದಿಯಾಗಿರುವ ಈ ಮಹಿಳೆಯ ಊರು ಫಿಲಿಪ್ಪೀನ್ಸಿನ ಪನಾಯ್ ದ್ವೀಪದಲ್ಲಿದೆ. ಹನ್ನೊಂದು ವರ್ಷದ ಮಗ ಅಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಾನೆ. ನಿದ್ದೆ ಬರುತ್ತಿಲ್ಲವೆಂದು ಸಲಹೆ ಕೇಳಲು ನನ್ನಲ್ಲಿಗೆ ಬಂದವರು ಎರಡನೆಯ ಭೇಟಿಯಲ್ಲಿ ನಿಜವಾದ ಸಂಗತಿ ಹೇಳಿದರು: ರಜೆ ಹತ್ತಿರವಾದಷ್ಟೂ ಭಯವಾಗುತ್ತದೆ, ಟಿಕೆಟ್ ತೆಗೆಸಲು ಮನಸ್ಸೇ ಬರುತ್ತಿಲ್ಲ.

ಹಿಂದಿನ ಸಲ ಹೋದಾಗ ಏನಾಯಿತೆಂದು ಕೇಳಿದಾಗ ಅವರು ಕೈಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಅದು 'ಪಸಾಲುಬೊಂಗ್' ಪಟ್ಟಿ, ಎಂದರೆ ದೂರದಿಂದ ಬರುವವರು ಮನೆಮಂದಿಗೆ ತರಲೇಬೇಕಾದ ಉಡುಗೊರೆಗಳ ಲೆಕ್ಕ. ಒಟ್ಟು 43 ಹೆಸರುಗಳಿದ್ದವು. ಒಂದೊಂದರ ಮುಂದೆ ಸೋಪು, ಚಾಕೊಲೇಟು, ಅತ್ತರು ಎಂದು ಬರೆದಿತ್ತು. ಮಗನ ಹೆಸರಿನ ಮುಂದೆ ಇದ್ದದ್ದು ಶೂ. ಅದರ ಅಳತೆಯನ್ನು ಎರಡು ಸಲ ಹೊಡೆದುಹಾಕಿ ತಿದ್ದಿದ್ದರು. ಮೂರನೆಯದೂ ತಪ್ಪಾಗಿತ್ತಂತೆ.

ಅವರು ಹೋಗುತ್ತಿದ್ದುದು ಯಾವಾಗಲೂ ಡಿಸೆಂಬರಿನಲ್ಲಿ. ಮನಿಲಾಕ್ಕೆ ಸುಮಾರು ಒಂಬತ್ತು ಗಂಟೆಯ ಹಾರಾಟ, ಅಲ್ಲಿ ರಾತ್ರಿಯೆಲ್ಲ ಕಾದು ಪನಾಯ್‌ನ ಇಲೋಯಿಲೋ ನಗರಕ್ಕೆ ಇನ್ನೊಂದು ವಿಮಾನ, ಅಲ್ಲಿಂದ ನೆಂಟರು ತುಂಬಿದ ಬಾಡಿಗೆ ವ್ಯಾನು. ಅದರ ಬಾಡಿಗೆಯೂ ಇವರದೇ. ಡಿಸೆಂಬರ್ 16ರಿಂದ 24ರವರೆಗೆ ಚರ್ಚಿನಲ್ಲಿ ನಸುಕಿನ ಪೂಜೆಗಳು, ಆಮೇಲೆ ಧರ್ಮಮಕ್ಕಳಿಗೆಲ್ಲ (ದೀಕ್ಷಾಸ್ನಾನದಲ್ಲಿ ಇವರು ಧರ್ಮತಾಯಿಯಾಗಿ ನಿಂತ ಮಕ್ಕಳಿಗೆ) ಕ್ರಿಸ್‌ಮಸ್ ಹಣ, ದಿನಕ್ಕೊಂದು ಮನೆಯ ಊಟ. 30 ದಿನಗಳ ರಜೆಯಲ್ಲಿ ಮಗನೊಡನೆ ತಾವಿಬ್ಬರೇ ಇದ್ದದ್ದು ಎರಡು ಮಧ್ಯಾಹ್ನ ಮಾತ್ರವೆಂದು ಬೆರಳೆಣಿಸಿ ಹೇಳಿದರು. ಮರಳಿದಾಗ ಕ್ರೆಡಿಟ್ ಕಾರ್ಡಿನ ಸಾಲ ಬೇರೆ.

ಇಂಥವರಿಗೆ 'ಇಲ್ಲ ಎನ್ನುವುದನ್ನು ಕಲಿಯಿರಿ' ಎಂದು ಹೇಳಿ ಕಳಿಸುವುದು ಸುಲಭ. ನಾನು ಹಾಗೆ ಹೇಳಲಿಲ್ಲ. ಇವರ ನರ್ಸಿಂಗ್ ಓದಿಗೆಂದು ಚಿಕ್ಕಮ್ಮ ಗದ್ದೆ ಅಡವಿಟ್ಟಿದ್ದರು. ಅಲ್ಲಿನವರು 'ಉತಾಂಗ್ ನಾ ಲೋಓಬ್' ಎನ್ನುವುದು ಇಂಥ ಉಪಕಾರದ ಋಣವನ್ನೇ. ಅದು ಹಣ ಕೊಟ್ಟು ತೀರುವಂಥದ್ದಲ್ಲ. 1974ರ ಕಾರ್ಮಿಕ ಸಂಹಿತೆಯ ಕಾಲದಿಂದ ಹೊರದೇಶದ ದುಡಿಮೆಯನ್ನು ಸರ್ಕಾರವೇ ಬೆಳೆಸಿದ, ದುಡಿಯಲು ಹೋದವರನ್ನು 'ಹೊಸ ವೀರರು' ಎಂದು ಹೊಗಳುವ ನಾಡಿನಲ್ಲಿ ಬರಿಗೈಯಲ್ಲಿ ಇಳಿಯುವುದು ಸಣ್ಣ ಮಾತಲ್ಲ. (ಗಲ್ಫಿನಿಂದ ಮರಳುವವರ ಪೆಟ್ಟಿಗೆ ಬಿಚ್ಚುವುದನ್ನು ನೋಡಿ ಬೆಳೆದ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ನನ್ನ ಸಲಹೆ ಮುಖ್ಯವಾಗಿ ಒಂದೇ ಆಗಿತ್ತು: ಈ ಸಲ ಹಬ್ಬಕ್ಕೆ ಹೋಗಬೇಡಿ, ಫೆಬ್ರುವರಿಯಲ್ಲಿ ಹೋಗಿ. ಆಗ ಶಾಲೆ ನಡೆಯುತ್ತಿರುತ್ತದೆ, ಚಂಡಮಾರುತಗಳ ಕಾಟ ಕಡಿಮೆ, ನೆಂಟರೂ ತಂತಮ್ಮ ಕೆಲಸದಲ್ಲಿರುತ್ತಾರೆ. ಉಡುಗೊರೆಗಳ ಪೆಟ್ಟಿಗೆಯನ್ನು ಹಡಗಿನಲ್ಲಿ ಕ್ರಿಸ್‌ಮಸ್‌ಗೆ ತಲುಪುವಂತೆ ಮೊದಲೇ ಕಳಿಸಿ, ಹಂಚುವ ಮರ್ಯಾದೆಯನ್ನು ತಾಯಿಗೆ ಬಿಡಿ. ಚಿಕ್ಕಮ್ಮನ ಮನೆಗೆ ಮಾತ್ರ ತಪ್ಪದೆ ನೀವೇ ಹೋಗಿ. ಉಳಿದವರನ್ನು ಒಂದು ಭಾನುವಾರ ಒಟ್ಟಿಗೆ ಊಟಕ್ಕೆ ಕರೆಯಿರಿ. ಅದೇ ಕೆಲಸಕ್ಕೆ ಮರಳುವವರಿಗೆ, ಹಿಂದಿನ ದಾಖಲೆ ಸರಿಯಿದ್ದರೆ, ಹೊರದೇಶದ ಕೆಲಸಕ್ಕೆ ಹೋಗುವವರಿಂದ ಫಿಲಿಪ್ಪೀನ್ಸ್ ಸರ್ಕಾರ ಕೇಳುವ ಹೊರಡುವ ಪ್ರಮಾಣಪತ್ರದ ವಿನಾಯಿತಿ ಆನ್‌ಲೈನಿನಲ್ಲೇ ಸಿಗುವುದರಿಂದ ಅದನ್ನು ಇಲ್ಲಿಂದಲೇ ಮುಗಿಸಿಕೊಳ್ಳಿ.

ಮಗ ಅಜ್ಜಿಯನ್ನೇ 'ನಾನಾಯ್', ಅಮ್ಮ, ಎಂದು ಕರೆಯುವುದು ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚುತ್ತಿತ್ತು. ಅದನ್ನು ತಿದ್ದಬೇಡಿ ಎಂದೆ. ಹುಡುಗನಿಗೆ ದಿನವೂ ಎಬ್ಬಿಸಿ ಉಣಿಸುವವರೊಬ್ಬರು ಇದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಅವನನ್ನು ಶಾಪಿಂಗ್ ಮಾಲ್‌ಗೆ ಕರೆದೊಯ್ಯುವ ಬದಲು, ಬೆಳಿಗ್ಗೆ ಟ್ರೈಸಿಕಲ್‌ನಲ್ಲಿ (ಬೈಕಿನ ಪಕ್ಕಕ್ಕೆ ಗಾಡಿ ಜೋಡಿಸಿದ ಅಲ್ಲಿನ ಬಾಡಿಗೆ ವಾಹನದಲ್ಲಿ) ಶಾಲೆಗೆ ಬಿಟ್ಟು ಸಂಜೆ ಕರೆತರುವ ಕೆಲಸವನ್ನು ಅಜ್ಜಿಯಿಂದ ಕೇಳಿ ಪಡೆಯಿರಿ ಎಂದೂ ಹೇಳಿದೆ.

ಮಾರ್ಚ್‌ನಲ್ಲಿ ಅವರು ಮರಳಿ ಬಂದರು. ಮೊದಲ ವಾರ ಟ್ರೈಸಿಕಲ್‌ನಲ್ಲಿ ಹುಡುಗ ಚಾಲಕನ ಜೊತೆಗಷ್ಟೇ ಮಾತಾಡಿದ್ದನಂತೆ. ಮೂರನೆಯ ವಾರ, ಶಾಲೆಯ ಗೇಟಿಗೆ ಇನ್ನೂ ದೂರವಿರುವಾಗಲೇ ಇಳಿಸೆಂದು ತಾಯಿಯನ್ನು ಕೇಳಿದ್ದ, ಗೆಳೆಯರೆದುರು ನಾಚಿಕೆಯೆಂದು. ಇದನ್ನು ಹೇಳುವಾಗ ಅವರು ನಕ್ಕರು. ಶೂ ಅನ್ನು ಊರಿನ ಅಂಗಡಿಯಲ್ಲೇ, ಅವನ ಕಾಲಿಗೆ ಹಾಕಿ ನೋಡಿ ಕೊಂಡಿದ್ದರು. ಕ್ರಿಸ್‌ಮಸ್‌ಗೆ ಬರಲಿಲ್ಲವೆಂದು ಚಿಕ್ಕಮ್ಮ ಇನ್ನೂ ಮುನಿಸಿಕೊಂಡಿದ್ದಾರೆ; ಅದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.