ಓದುಗರ ಪ್ರಶ್ನೆ: ಫುಟ್‌ಪಾತಿನ ಪತ್ತೇದಾರಿ, ಮಳೆಗೆ ನೆಂದ ಹಾಲಿವುಡ್

ಪ್ರಶ್ನೆ: ಮುಂಬೈನ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪತ್ತೇದಾರಿ ಕಾದಂಬರಿ ಕೊಳ್ಳುತ್ತೇನೆ. ಪೆಂಗ್ವಿನ್ ಪ್ರಕಾಶನದ ಹಸಿರು ಮುಖಪುಟದ ಪುಸ್ತಕವೆಲ್ಲವೂ 'ಫಸ್ಟ್ ಎಡಿಷನ್' ಅನ್ನುತ್ತಾರೆ ಮಾರುವವರು. ಗುರುತಿಸುವುದು ಹೇಗೆ?
— ಸಾಯನ್‌ನಿಂದ ಒಬ್ಬ ಓದುಗರು

ಉತ್ತರ: ಶೀರ್ಷಿಕೆ ಪುಟದ ಬೆನ್ನಿಗಿರುವ ಪುಟ ತೆಗೆಯಿರಿ. ಮೂಲ ಪ್ರಕಟಣೆಯ ವರ್ಷ, ಪೆಂಗ್ವಿನ್‌ನಲ್ಲಿ ಬಂದ ವರ್ಷ, ಅದರ ಕೆಳಗೆ ಮರುಮುದ್ರಣದ ವರ್ಷಗಳು ಸಾಲಾಗಿ ಇರುತ್ತವೆ. ಕೊನೆಯ ವರ್ಷ ಯಾವುದೋ, ನಿಮ್ಮ ಕೈಲಿರುವ ಪ್ರತಿ ಆಗಿನದು. ಪೆಂಗ್ವಿನ್ ಶುರುವಾದದ್ದೇ 1935ರಲ್ಲಿ. ಅದರ ಹಸಿರು ಪತ್ತೇದಾರಿಗಳಲ್ಲಿ ಬಹುಪಾಲು ಬೇರೆಯವರ ಗಟ್ಟಿರಟ್ಟಿನ ಪುಸ್ತಕದ ಅಗ್ಗದ ಮುದ್ರಣ. ಹಿಂಬದಿಯಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ, ಬಳಕೆಗೆ ಬಂದದ್ದು ಆಮೇಲೆ) ಇದ್ದರಂತೂ 1930, 40ರ ದಶಕದ ಮಾತೇ ಬೇಡ.

ಮುಖಪುಟದ ಚಿತ್ರವೂ ಸಾಕ್ಷಿ ಹೇಳುತ್ತದೆ. ಅಮೆರಿಕದ ಪತ್ತೇದಾರಿ ಲೇಖಕ ಹ್ಯಾಮೆಟ್‌ನ 'ದಿ ಮಾಲ್ಟೀಸ್ ಫಾಲ್ಕನ್' ಪುಸ್ತಕವಾಗಿ ಬಂದದ್ದು 1930ರಲ್ಲಿ. ಹಾಲಿವುಡ್ ನಟ ಬೋಗಾರ್ಟ್ ನಟಿಸಿದ ಸಿನಿಮಾ 1941ರದು. ಮುಖಪುಟದ ಮೇಲೆ ಆ ಸಿನಿಮಾದ ಬೋಗಾರ್ಟ್ ಇದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಅಮೆರಿಕದ ಗಟ್ಟಿರಟ್ಟಿನ ಪುಸ್ತಕವಾದರೆ ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆ ಹುಡುಕಿ. ಇಲ್ಲದಿದ್ದರೆ ಬುಕ್ ಕ್ಲಬ್ ಪ್ರತಿ, ಅಂದರೆ ಕ್ಲಬ್ಬಿನ ಸದಸ್ಯರಿಗೆಂದು ಮಾಡಿದ ಅಗ್ಗದ ಮುದ್ರಣ, ಇರಬಹುದು. ಆದರೆ ಉಡುಗೊರೆ ಕೊಡುವವರು ಬೆಲೆಯ ಮೂಲೆ ಕತ್ತರಿಸುವುದೂ ಉಂಟು. ಅದಕ್ಕೇ ಜಾಕೆಟ್ ಸರಿಸಿ ಹಿಂದಿನ ರಟ್ಟಿನ ಕೆಳಮೂಲೆಯ ಮೇಲೆ ಬೆರಳಾಡಿಸಿ. ಒತ್ತಿದ ಸಣ್ಣ ಗುಳಿ ಸಿಕ್ಕರೆ ಅದು ಹೆಚ್ಚಾಗಿ ಕ್ಲಬ್ಬಿನದೇ. ಓದಲಿಕ್ಕೆ ಏನೂ ಕೊರತೆಯಿಲ್ಲ, ದುಬಾರಿ ದುಡ್ಡು ಮಾತ್ರ ಕೊಡಬೇಡಿ.

ಪ್ರಶ್ನೆ: ಹಾಲಿವುಡ್ ತಾರೆಯರ ಚಿತ್ರಪುಸ್ತಕ ಮಳೆಗೆ ನೆನೆದು ಫೋಟೊ ಪುಟಗಳು ಅಂಟಿಕೊಂಡಿವೆ. ಬಿಡಿಸಬಹುದೇ?
— ಡೊಂಬಿವಲಿಯ ಓದುಗರು

ಉತ್ತರ: ಒಣಗಿದ್ದರೆ ಕೈ ಹಾಕಬೇಡಿ, ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ನುಣುಪು ಆರ್ಟ್ ಪೇಪರಿಗೆ ಜೇಡಿಯ ಲೇಪ ಇರುತ್ತದೆ. ನೆಂದಾಗ ಅದು ಮೆತ್ತಗಾಗಿ, ಒಣಗುವಾಗ ಪಕ್ಕದ ಪುಟವನ್ನೂ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಹಸಿಯಿರುವಾಗಲೇ ಪುಟ ಪುಟದ ನಡುವೆ ಬೇಕಿಂಗ್ ಪೇಪರ್ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಬೇಕು. ಬಿಸಿಲು ಬೇಡ, ಇಸ್ತ್ರಿ ಪೆಟ್ಟಿಗೆಯಂತೂ ಬೇಡವೇ ಬೇಡ. ತಕ್ಷಣ ಪುರುಸೊತ್ತಿಲ್ಲವೇ? ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಬಿಡುವಾದಾಗ ತೆಗೆದು ಬಿಡಿಸಬಹುದು.

ಮುಂದಿನ ಸಲ ಇಂಥ ಪುಸ್ತಕ ಕೊಳ್ಳುವಾಗ ಮೊದಲ ಪುಟಗಳಲ್ಲಿರುವ ಚಿತ್ರಪಟ್ಟಿ ಇಟ್ಟುಕೊಂಡು ಫೋಟೊ ಎಣಿಸಿ. ಬ್ಲೇಡಿಗೆ ಬಲಿಯಾಗುವುದು ಗಾರ್ಬೊ, ಮನ್ರೋ ಇರುವ ಹಾಳೆಗಳೇ. ಹೊಲಿಗೆಯ ಹತ್ತಿರ ಕೂದಲೆಳೆಯಷ್ಟು ಅಂಚು ಉಳಿದಿರುತ್ತದೆ. ಮುಂಬೈನ ಫ್ಲೋರಾ ಫೌಂಟನ್ ಕಡೆಯ ಹಳೇ ಪುಸ್ತಕದಂಗಡಿಗಳಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರೆ ಬಿಚ್ಚಿಸಿ ನೋಡಿ. ಬಿಚ್ಚಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಪ್ರಶ್ನೆ: ಕಪಾಟಿನಲ್ಲಿ ಮುಗ್ಗಲು ವಾಸನೆ, ಪುಸ್ತಕಗಳಲ್ಲಿ ಸಿಲ್ವರ್‌ಫಿಶ್. ಡಾಂಬರು ಗುಳಿಗೆ ಸಾಕೇ?
— ಠಾಣೆಯ ಓದುಗರು

ಉತ್ತರ: ಸಾಲದು. ಗುಳಿಗೆಯ ನಾತ ಕಾಗದದಲ್ಲಿ ಕೂರುತ್ತದೆ, ಬೂಷ್ಟು ಹೋಗುವುದಿಲ್ಲ. ಹುಳಕ್ಕಾದರೆ ಪುಸ್ತಕವನ್ನು ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹನಿ ಪುಸ್ತಕದ ಮೇಲೇ ಕೂರುತ್ತದೆ. ಬೂಷ್ಟು ಫ್ರೀಜರಿಗೆ ಸಾಯುವುದಿಲ್ಲ. ಪುಸ್ತಕ ಪೂರ್ತಿ ಒಣಗಿದ ಮೇಲೆ ಮಾಸ್ಕ್ ಕಟ್ಟಿ, ಬಾಲ್ಕನಿಯ ನೆರಳಿನಲ್ಲಿ ಮೆತ್ತನೆ ಬ್ರಷ್ಷಿನಿಂದ ಕೊಡವಿ. ಕಪಾಟನ್ನು ಗೋಡೆಯಿಂದ ಎರಡು ಇಂಚು ಈಚೆಗೆ ಎಳೆಯಿರಿ. ಬಚ್ಚಲಿಗೆ ಅಂಟಿದ ಗೋಡೆಯಾದರೆ ಜಾಗವನ್ನೇ ಬದಲಿಸಿ.