ಸೈಟ್ ಡೌನ್ ಆದಾಗ ಸರ್ವರ್ ನೋಡಬೇಕೋ, ಬೈಗುಳಕ್ಕೆ ಉತ್ತರ ಕೊಡಬೇಕೋ?

ನೀವು ಕೇಳಿದ್ದು ಇಷ್ಟು: ಇಬ್ಬರು ಮೂವರು ಸೇರಿ ಸಂಬಳವಿಲ್ಲದೆ ಒಂದು ಸೈಟ್ ನಡೆಸುತ್ತೀರಿ. ಅದು ಆಗಾಗ ಡೌನ್ ಆಗುತ್ತದೆ. ಆಗೆಲ್ಲ ಕೆಲವರು ಬಾಯಿಗೆ ಬಂದಂತೆ ಬೈಯುತ್ತಾರೆ, "ಕೈಲಾಗದಿದ್ದರೆ ನನಗೆ ಕೊಡಿ, ನಾನು ನಡೆಸುತ್ತೇನೆ" ಎನ್ನುತ್ತಾರೆ. ಏನು ಮಾಡಬೇಕು? ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಎರಡೂ ಕಷ್ಟ ನನಗೆ ಗೊತ್ತು.

ಸರ್ವರ್ ನೋಡಿ. ಆದರೆ ಅದಕ್ಕೂ ಮೊದಲು ಎರಡು ಸಾಲು ಬರೆದು ಹಾಕಿ: "ಸೈಟ್ ನಿಂತಿರುವುದು ನಮಗೆ ಗೊತ್ತಾಗಿದೆ, ಕಾರಣ ಹುಡುಕುತ್ತಿದ್ದೇವೆ. ಎಂಟು ಗಂಟೆಗೆ ಮತ್ತೆ ಬರೆಯುತ್ತೇವೆ." ಯಾವಾಗ ಸರಿಹೋಗುತ್ತದೆ ಎಂದು ಮಾತ್ರ ಹೇಳಬೇಡಿ, ಅದು ನಿಮಗೇ ಗೊತ್ತಿರುವುದಿಲ್ಲ. ಮತ್ತೆ ಯಾವಾಗ ಬರೆಯುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ, ಅದನ್ನು ಹೇಳಿ. ಎಂಟು ಗಂಟೆಗೆ ಹೇಳಲು ಏನೂ ಇಲ್ಲದಿದ್ದರೆ "ಇನ್ನೂ ಸಿಕ್ಕಿಲ್ಲ, ಒಂಬತ್ತಕ್ಕೆ ಮತ್ತೆ ಬರುತ್ತೇವೆ" ಎಂದಾದರೂ ಬರೆಯಿರಿ. ಸೈಟ್ ನಿಂತಿತೆಂಬುದಕ್ಕಿಂತ, ನಡೆಸುವವರು ತುಟಿ ಪಿಟಕ್ಕೆನ್ನಲಿಲ್ಲ ಎಂಬುದಕ್ಕೇ ಜನ ಹೆಚ್ಚು ಕೆರಳುತ್ತಾರೆ. ತೊಂದರೆ ತನ್ನ ಕಡೆಯದೋ ನಿಮ್ಮ ಕಡೆಯದೋ ತಿಳಿಯದೆ ರೂಟರ್ ಆರಿಸಿ, ಹಚ್ಚಿ, ಪಾಸ್‌ವರ್ಡ್ ಬದಲಿಸಿ ಒದ್ದಾಡಿದವನ ಸಿಟ್ಟಿನಲ್ಲಿ ನ್ಯಾಯ ಇದೆ, ಒಪ್ಪಿಕೊಳ್ಳೋಣ.

ಆ ಎರಡು ಸಾಲು ಅದೇ ಸರ್ವರ್ ಮೇಲೆ ಇರಬಾರದು. ಇದು ಹೇಳಬೇಕಾದ ಮಾತೇ ಎನ್ನಬೇಡಿ, ದೊಡ್ಡವರೇ ಎಡವಿದ್ದಾರೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಸುಮಾರು ನಾಲ್ಕು ಗಂಟೆ ಕುಸಿದು, ಅದನ್ನು ನಂಬಿದ್ದ ಅಸಂಖ್ಯ ಸೈಟ್‌ಗಳೂ ಜೊತೆಗೆ ಬಿದ್ದವು. ಬಿಲ್ಲಿಂಗ್ ವ್ಯವಸ್ಥೆಯ ದೋಷ ಹುಡುಕುತ್ತಿದ್ದವರು ಕಮಾಂಡ್ ತಪ್ಪಾಗಿ ಟೈಪ್ ಮಾಡಿ, ತೆಗೆಯಬೇಕಿದ್ದಕ್ಕಿಂತ ಹೆಚ್ಚು ಸರ್ವರ್‌ಗಳನ್ನು ತೆಗೆದುಬಿಟ್ಟಿದ್ದರು. ತಮಾಷೆಯೆಂದರೆ, ಸೇವೆಗಳ ಸ್ಥಿತಿ ತೋರಿಸುವ ಅವರ ಪುಟವೇ ಎಸ್3ಯನ್ನು ಅವಲಂಬಿಸಿತ್ತು. ಅದನ್ನು ತಿದ್ದಲಾಗದೆ ಟ್ವಿಟರ್‌ನಲ್ಲಿ ವಿಷಯ ತಿಳಿಸಬೇಕಾಯಿತು.

ಇನ್ನೊಂದು ತಾಂತ್ರಿಕ ಮಾತು. ಪುಟ ತೆರೆಯದಿದ್ದರೆ ಎಲ್ಲರೂ ರಿಫ್ರೆಶ್ ಒತ್ತುತ್ತಲೇ ಇರುತ್ತಾರೆ. ಉಸಿರುಗಟ್ಟಿರುವ ಡೇಟಾಬೇಸ್ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ, ಮೇಲೆದ್ದ ಮರುಕ್ಷಣವೇ ಎಲ್ಲರೂ ಒಟ್ಟಿಗೆ ನುಗ್ಗಿ ಮತ್ತೆ ಕೆಡವುತ್ತಾರೆ. ಡೇಟಾಬೇಸ್ ಮುಟ್ಟದ ಸರಳ ಪುಟವೊಂದನ್ನು 503 ಕೋಡ್ (ಸೇವೆ ಸದ್ಯಕ್ಕೆ ಲಭ್ಯವಿಲ್ಲ ಎಂದು ಸರ್ವರ್ ಕೊಡುವ ಸಂಕೇತ) ಜೊತೆಗೆ ಮುಂದಿಡಿ. ಇದು ತಾತ್ಕಾಲಿಕ ಎಂದು ಸರ್ಚ್ ಎಂಜಿನ್‌ಗಳಿಗೂ ತಿಳಿಯುತ್ತದೆ. ವಾಪಸ್ ತೆರೆಯುವಾಗ ಸ್ವಲ್ಪ ಸ್ವಲ್ಪವೇ ಜನರನ್ನು ಒಳಗೆ ಬಿಡಿ.

ಈಗ ಬೈಗುಳ. ಪರದೆಯ ಹಿಂದೆ ಕುಳಿತಾಗ ನಾಲಿಗೆಯ ಲಗಾಮು ಏಕೆ ಸಡಿಲವಾಗುತ್ತದೆ ಎಂಬುದರ ಬಗ್ಗೆ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದಾರೆ. ಹೆಸರು ಗೊತ್ತಾಗುವುದಿಲ್ಲ, ಮುಖ ಕಾಣುವುದಿಲ್ಲ, ಉತ್ತರವನ್ನು ಆ ಕ್ಷಣವೇ ಎದುರಿಸಬೇಕಾಗಿಲ್ಲ ಎಂಬುವು ಅವರು ಕೊಟ್ಟ ಕಾರಣಗಳಲ್ಲಿ ಕೆಲವು. ಸ್ವಂತ ಹೆಸರು, ಫೋಟೋ ಹಾಕಿಕೊಂಡೇ ಹೊಲಸು ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಎದುರಿಗೆ ಮುಖ ಕಾಣದಿರುವುದೇ ದೊಡ್ಡ ಕಾರಣ ಎಂದು ನನ್ನ ಅಂದಾಜು.

ಕಾರಣ ಏನೇ ಇರಲಿ, ಬೈಗುಳದೊಳಗೆ ಕೆಲಸಕ್ಕೆ ಬರುವ ಮಾತು ಇರಬಹುದು. "ನಿಮ್ಮ ದರಿದ್ರ ಸೈಟ್‌ನಲ್ಲಿ ಫೋಟೋ ಹಾಕಿದರೆ 504 ಬರುತ್ತೆ, ಕಣ್ಣು ಕಾಣಲ್ವಾ?" ಎಂದು ಒಬ್ಬರು ಬರೆದರು ಅನ್ನಿ. ಇವೂ ಸರ್ವರ್ ಕೊಡುವ ದೋಷದ ಸಂಕೇತಗಳೇ. 500 ಅಂದಿದ್ದರೆ ಮೊದಲು ನಿಮ್ಮ ಪ್ರೋಗ್ರಾಮನ್ನೇ ಅನುಮಾನಿಸುತ್ತಿದ್ದಿರಿ. 504 ಎಂದರೆ ಮುಂದಿನ ಸರ್ವರ್ ಹಿಂದಿನದರ ಉತ್ತರಕ್ಕೆ ಕಾದು ಕಾದು ಕೈಬಿಟ್ಟಿದೆ. ಅದೂ ಫೋಟೋ ಹಾಕುವಾಗ ಮಾತ್ರ! ಆ ರಾತ್ರಿ ನಿಮಗೆ ಸಿಕ್ಕ ಒಳ್ಳೆಯ ಸುಳಿವು ಇದೇ ಇರಬಹುದು. "ಎಷ್ಟು ದೊಡ್ಡ ಫೋಟೋ, ಎಷ್ಟು ಹೊತ್ತಿಗೆ?" ಎಂದು ಕೇಳಿ. ಕಣ್ಣಿನ ವಿಷಯ ಅಲ್ಲಿಗೇ ಬಿಡಿ.

ಸುಳಿವೂ ಇಲ್ಲದ ಬರೀ ಬೈಗುಳಕ್ಕೆ ಉತ್ತರ ಬೇಡ. ಸಾಧ್ಯವಿದ್ದರೆ ರಿಪೇರಿ ಮಾಡುತ್ತಿರುವವರು ಸಂದೇಶಗಳನ್ನು ಓದಲೇಬಾರದು. ಆ ಕೆಲಸ ಇನ್ನೊಬ್ಬರು ವಹಿಸಿಕೊಳ್ಳಲಿ, ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಾಖಲೆ, ಓದುವವರಿಗೆ ಸುಳಿವುಗಳನ್ನಷ್ಟೇ ದಾಟಿಸಲಿ. ಬೆದರಿಕೆ, ಮನೆಯವರ ಪ್ರಸ್ತಾಪ, ವಿಳಾಸ ಬಯಲು ಮಾಡುವ ಮಾತು ಬಂದರೆ ಲೆಕ್ಕ ಬೇರೆ: ಸಮಯ ಮತ್ತು ಲಿಂಕ್ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಿ.

"ನನಗೆ ಕೊಡಿ" ಎನ್ನುವವರ ವಿಷಯಕ್ಕೆ ಬರುತ್ತೇನೆ. ಬೈಗುಳಕ್ಕಿಂತ ಇದು ನನಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝೆಡ್ ಎಂಬ ತಂತ್ರಾಂಶವನ್ನು ಒಬ್ಬರೇ ಬಿಡುವಿನ ವೇಳೆಯಲ್ಲಿ, ಪುಕ್ಕಟೆಯಾಗಿ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಅಪರಿಚಿತ ಖಾತೆಗಳು ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಅವರ ಬೆನ್ನು ಹತ್ತಿದವು. ಅಷ್ಟರಲ್ಲೇ ಜಿಯಾ ಟಾನ್ ಎಂಬ ಹೆಸರಿನ ವಿನಯವಂತ ಸಹಾಯಕರೊಬ್ಬರು ಹತ್ತಿರವಾಗಿದ್ದರು, ಕ್ರಮೇಣ ಅಧಿಕಾರ ಅವರ ಕೈಗೆ ಬಂತು. 2024ರಲ್ಲಿ ಅವರು ಹೊರತಂದ ಆವೃತ್ತಿಗಳಲ್ಲಿ ಹೊರಗಿನವರು ಗುಟ್ಟಾಗಿ ಒಳನುಗ್ಗುವ ಕಳ್ಳದಾರಿ ಇತ್ತು. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಕೆದಕಿದ್ದರಿಂದ ಅದು ಬಯಲಾಯಿತು. ಒತ್ತಡ ಹಾಕಿದ ಖಾತೆಗಳೂ ಅದೇ ಸಂಚಿನವು ಎಂಬ ಬಲವಾದ ಅನುಮಾನ ಇದೆ. ನಿಮ್ಮ ಸೈಟ್ ಅಷ್ಟು ದೊಡ್ಡದಲ್ಲದಿರಬಹುದು. ಆದರೂ ಸುಸ್ತಾದ ರಾತ್ರಿಯಲ್ಲಿ ಯಾರಿಗೂ ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ವಿನಯದಿಂದ ಕೇಳಿದವರಿಗೂ ಕೊಡಬೇಡಿ.

ಸುಸ್ತಿನ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. 2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ, ಅಂದರೆ ಮುಖ್ಯ ಡೇಟಾಬೇಸ್‌ನಲ್ಲೇ, ಅಳಿಸುವ ಕಮಾಂಡ್ ಕೊಟ್ಟರು. ನಿತ್ಯದ ಬ್ಯಾಕಪ್ ಕೆಲಸವನ್ನೇ ಮಾಡುತ್ತಿರಲಿಲ್ಲ ಎಂಬುದೂ ಆಗಲೇ ಗೊತ್ತಾದದ್ದು. ಸಿಕ್ಕಿದ್ದು ಸುಮಾರು ಆರು ಗಂಟೆ ಹಳೆಯ ಪ್ರತಿ. ಕಂಪನಿಯವರು ಅದನ್ನು ಮುಚ್ಚಿಡಲಿಲ್ಲ. ಏನೇನು ಪ್ರಯತ್ನ ನಡೆಯುತ್ತಿದೆ ಎಂದು ಎಲ್ಲರೂ ಓದಬಹುದಾದ ಕಡತದಲ್ಲಿ ಬರೆಯುತ್ತ ಹೋದರು, ಯೂಟ್ಯೂಬ್‌ನಲ್ಲಿ ನೇರ ಪ್ರಸಾರವನ್ನೂ ಮಾಡಿದರು. ನಂತರದ ವರದಿಯಲ್ಲಿ ಆ ಇಂಜಿನಿಯರ್‌ರನ್ನು ಹೆಸರಿಸದೆ 'ಟೀಮ್ ಮೆಂಬರ್ 1' ಎಂದಷ್ಟೇ ಕರೆದರು. ದತ್ತಾಂಶ ಕಳೆದುಕೊಂಡ ಕಂಪನಿಗೆ ಜನರಿಂದ ಸಮಾಧಾನದ ಮಾತುಗಳೂ ಸಾಕಷ್ಟು ಬಂದವು. ನೀವೂ ಸೈಟ್ ಎದ್ದ ಮೇಲೆ ಏನಾಯಿತು, ಏಕಾಯಿತು ಎಂದು ಹೀಗೇ ಬರೆಯಿರಿ. ಯಾರಿಂದಾಯಿತು ಎಂಬುದು ನಿಮ್ಮೊಳಗೇ ಇರಲಿ.

ಬೆದರಿಕೆ ಹಾಕಿದವರನ್ನು ಬಿಟ್ಟು ಉಳಿದ ಯಾರ ಖಾತೆಯನ್ನೂ ಆ ರಾತ್ರಿಯೇ ಮುಚ್ಚಬೇಡಿ. ನಿದ್ದೆ ಮಾಡಿ ಎದ್ದು, ನಿಯಮಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಆಗಲೂ ಮಿತಿ ಮೀರಿದ್ದು ಅನ್ನಿಸಿದರೆ ಮುಚ್ಚಿ, ಕಾರಣ ಒಂದು ಸಾಲಿನಲ್ಲಿ ತಿಳಿಸಿ. ಅದಕ್ಕೆ ಉದ್ದನೆಯ ಉತ್ತರ ಬಂದೇ ಬರುತ್ತದೆ, ಓದಲೇಬೇಕೆಂದೇನಿಲ್ಲ.