ಮಾಲ್ಟಾದ ಗೋಡೆಹಲ್ಲಿಯನ್ನು ರಾತ್ರಿ ಹುಡುಕಬೇಡಿ

ಮಾಲ್ಟಾದ ಗೋಡೆಹಲ್ಲಿ ರಾತ್ರಿ ಹೋಟೆಲಿನ ದೀಪದ ಬಳಿ ಸಿಕ್ಕೀತೇ, ಇಲ್ಲವೇ ಫಿಲ್ಫ್ಲಾ ದ್ವೀಪಕ್ಕೇ ಹೋಗಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ದೀಪಗಳ ಕೆಳಗೆ ಕಾದು ಮೂರು ರಾತ್ರಿಗಳನ್ನು ಕಳೆದುಕೊಂಡವನು ನಾನು.

ಕೆಲಸದ ನಿಮಿತ್ತ ಮಾಲ್ಟಾದ ಸ್ಲೀಮಾ ಪಟ್ಟಣದಲ್ಲಿದ್ದಾಗ ನನಗೆ ನಾಲ್ಕು ದಿನಗಳ ಬಿಡುವು ಸಿಕ್ಕಿತ್ತು. ‘ಗೋಡೆಹಲ್ಲಿ’ ಎಂದು ಓದಿದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ಊರಿನ ಮನೆಯಲ್ಲಿ ಟ್ಯೂಬ್‌ಲೈಟಿನ ಹಿಂದೆ ಲೊಚಗುಟ್ಟುವ ಹಲ್ಲಿ. ಅದು ರಾತ್ರಿಯ ಜೀವಿಯಾದ್ದರಿಂದ ಇದೂ ಹಾಗೆಯೇ ಇರಬೇಕೆಂದು ನಂಬಿ, ಹಗಲೆಲ್ಲ ನಿದ್ದೆ ಮಾಡಿ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಬೀದಿಬೀದಿ ಅಲೆದೆ. ಬೂದು ಬಣ್ಣದ, ಮೈತುಂಬ ಮುಳ್ಳಿನಂಥ ಗಂಟುಗಳಿರುವ ಹಲ್ಲಿಯೊಂದು ಸಿಕ್ಕಿತು ಕೂಡ. ಹತ್ತಾರು ಚಿತ್ರ ತೆಗೆದು ಮನೆಯ ಮಾಲೀಕರಿಗೆ ತೋರಿಸಿದಾಗ ಅವರು ನಕ್ಕು, ಇದು ಗ್ರೆಮ್ಶೂಲಾ (ಗೋಡೆಹಲ್ಲಿಗೆ ಮಾಲ್ಟೀಸ್ ಭಾಷೆಯ ಹೆಸರು) ಅಲ್ಲ ಎಂದರು. ಅದು ಮೆಡಿಟರೇನಿಯನ್ ತೀರದ ಉದ್ದಕ್ಕೂ ಕಾಣುವ ಮೂರಿಷ್ ಗೆಕ್ಕೊ, ನಮ್ಮ ಮನೆಹಲ್ಲಿಯ ಗುಂಪಿನದು. ನಾನು ಬೆರಳುಗಳನ್ನಾದರೂ ನೋಡಬೇಕಿತ್ತು. ಗೆಕ್ಕೊದ ಬೆರಳಿಗೆ ಅಗಲವಾದ ಅಂಟುಮೆತ್ತೆಯಿರುತ್ತದೆ, ಕಣ್ಣಿಗೆ ರೆಪ್ಪೆಯಿರುವುದಿಲ್ಲ. ಗ್ರೆಮ್ಶೂಲಾದ ಬೆರಳು ಸಪೂರ, ತುದಿಯಲ್ಲಿ ಉಗುರು, ಕಣ್ಣಿಗೆ ಮುಚ್ಚಿ ತೆರೆಯುವ ರೆಪ್ಪೆ. ಗ್ರೆಮ್ಶೂಲಾ ನಮ್ಮ ಮನೆಹಲ್ಲಿಯ ನೆಂಟನೇ ಅಲ್ಲ. ಕರ್ನಾಟಕದ ಕುರುಚಲು ಬಯಲಿನಲ್ಲಿ ಬಿಸಿಲಿಗೆ ಸರಕ್ಕನೆ ಓಡುವ ಓಫಿಸಾಪ್ಸ್ ಹಲ್ಲಿಗಳ ಕುಟುಂಬದ್ದು.

ಕೊನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಡಿಂಗ್ಲಿ ಹಳ್ಳಿಯ ಹೊಲಗಳತ್ತ ಹೋದೆ. ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆ, ಪಕ್ಕದಲ್ಲಿ ಪಾಪಾಸುಕಳ್ಳಿ. ಹತ್ತು ನಿಮಿಷ ಅಲುಗಾಡದೆ ಕುಳಿತ ಮೇಲೆ ಕಲ್ಲಿನ ಸಂದಿಯಿಂದ ಮೊದಲು ಮೂತಿ, ಆಮೇಲೆ ಇಡೀ ಮೈ ಹೊರಬಂತು: ಬಾಲ ಬಿಟ್ಟರೆ 6–7 ಸೆಂ.ಮೀ. ಉದ್ದದ, ಹಸಿರು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿದ್ದ ಗಂಡು. ಪಕ್ಕೆಗಳನ್ನು ಹರಡಿ ರೊಟ್ಟಿಯಂತೆ ಚಪ್ಪಟೆಯಾಗಿ ಬಿಸಿಲು ಕಾಯಿಸುತ್ತಿದ್ದದ್ದು, ನನ್ನ ನೆರಳು ಮೈಮೇಲೆ ಬಿದ್ದೊಡನೆ ಮಾಯವಾಯಿತು. ಹೆಣ್ಣು ಕಂದು ಬಣ್ಣದ್ದು, ಉದ್ದ ಗೆರೆಗಳಿರುತ್ತವೆ.

ಈ ಹಲ್ಲಿಯ ಸಹಜ ನೆಲೆ ಮಾಲ್ಟಾದ ದ್ವೀಪಗಳು ಮತ್ತು ಇಟಲಿಗೆ ಸೇರಿದ ಲಿನೋಸಾ, ಲಂಪಿಯೋನೆ ಮಾತ್ರ. ಫಿಲ್ಫ್ಲಾದಲ್ಲಿರುವುದು ಕಪ್ಪು ಮೈಯ, ನೀಲಿ ಛಾಯೆಯ ಚುಕ್ಕೆಗಳ ಬೇರೆಯೇ ಉಪಪ್ರಭೇದ. ಮಾಲ್ಟಾದ ದಕ್ಷಿಣಕ್ಕೆ ಸುಮಾರು 5 ಕಿ.ಮೀ. ದೂರದ ಆ ಬಂಡೆಯನ್ನು ಬ್ರಿಟಿಷ್ ಪಡೆಗಳು 1971ರವರೆಗೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿಸಿಕೊಂಡಿದ್ದವು. ಈಗ ಅದು ರಕ್ಷಿತ ಪ್ರದೇಶ, ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಒಂದು ಚಿತ್ರಕ್ಕಾಗಿ ಅನುಮತಿ ಕೇಳುವುದೂ ನನ್ನ ಪ್ರಕಾರ ಅತಿಯಾಸೆಯೇ.

ಏಪ್ರಿಲ್ ಅಥವಾ ಮೇನಲ್ಲಿ ಹೋಗಿ. ಹಿಡಿಯಲು ಕೈ ಚಾಚಬೇಡಿ, ಬಾಲ ಕಳಚಿ ಓಡುತ್ತದೆ. ಆಗಸ್ಟಿನ ನಡುಹಗಲಿನಲ್ಲಂತೂ ಅದು ಸಂದಿಯ ತಂಪಿನಲ್ಲಿರುತ್ತದೆ, ನೀವೊಬ್ಬರೇ ಬಿಸಿಲಿನಲ್ಲಿರುತ್ತೀರಿ.